ವ್ಯಾಪ್ತಿಗೆ ಬಾರದ ಹೆಣ

ಸತ್ತವನ ಹೆಸರು ಹೈಕೋರ್ಟ್.

ಸೆಷನ್ಸ್ ಕೋರ್ಟಿನಲ್ಲಿ ಗುಮಾಸ್ತ ಆ ಹೆಸರು ಓದಿದಾಗ ಮೊದಲು ನಕ್ಕವರು ವಕೀಲರು. ಆಮೇಲೆ ಬಾಗಿಲಲ್ಲಿದ್ದ ಪೊಲೀಸಿನವನು. ಕಟಕಟೆಯಲ್ಲಿ ನಿಂತಿದ್ದ ಆರೋಪಿ ರೇಣುಕಪ್ರಸಾದನೂ ನಕ್ಕ. ಜಡ್ಜು ತಲೆ ತಗ್ಗಿಸಿ ಕನ್ನಡಕ ಒರೆಸಿಕೊಂಡರು. ಅವರ ಭುಜ ಅಲುಗುತ್ತಿತ್ತು.

ರೈಲಿ ನಗಲಿಲ್ಲ. ಅವಳು ಅವನನ್ನು ಹೆತ್ತವಳು.

ಹಕ್ಕಿಪಿಕ್ಕಿಯವರು ಮಗುವಿಗೆ ಹೆಸರಿಡಲು ಪಂಚಾಂಗ ನೋಡುವುದಿಲ್ಲ. ಆ ಹೊತ್ತಿಗೆ ಕಿವಿಗೆ ಬಿದ್ದದ್ದು, ಮನಸ್ಸಿಗೆ ಹಿಡಿಸಿದ್ದು ಹೆಸರಾಗುತ್ತದೆ. ಶಿವನಿ ಸ್ಟೇಷನ್ನಿನ ಹೊರಗೆ ಹುಟ್ಟಿದವಳು ರೈಲಿ. ಅವಳ ಜನ ಅಜ್ಜಂಪುರದಾಚೆಯ ಗೋಮಾಳದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಊರು ಅದನ್ನು ಕ್ಯಾಂಪು ಅನ್ನುತ್ತಿತ್ತು. ಒಂದು ದಿನ ಗುಡಿಸಲು ಕೀಳಲು ಬಂದವರು ಬೆಂಗಳೂರಿನ ಹೈಕೋರ್ಟಿನಿಂದ ಬಂದ ಕಾಗದ ನೋಡಿ ವಾಪಸು ಹೋದರು. ಅದೇ ದಿನ ರೈಲಿಗೆ ಗಂಡುಮಗು ಹುಟ್ಟಿತು. ಗುಡಿಸಲು ಉಳಿಸಿದ ಕೋರ್ಟಿನ ಹೆಸರನ್ನೇ ಮಗುವಿಗೆ ಇಟ್ಟರು.

ಅವನು ಇಪ್ಪತ್ತಮೂರು ವರ್ಷ ಬದುಕಿದ. ಬೈಕಿನ ಹಿಂದೆ ಪ್ಲಾಸ್ಟಿಕ್ ಹೂವು, ಮುಂದೆ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಗಳನ್ನು ಕಟ್ಟಿಕೊಂಡು ಕಡೂರು, ಬೀರೂರು, ತರೀಕೆರೆ ಸುತ್ತುತ್ತಿದ್ದ. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ರೇಣುಕಪ್ರಸಾದನ ತೆಂಗಿನ ತೋಟದಲ್ಲಿ ಪಂಪಿನ ಮೋಟರು ಕಾಣಲಿಲ್ಲ. ತೋಟದ ಪಕ್ಕದ ದಾರಿಯಲ್ಲಿ ಹೈಕೋರ್ಟ್ ಬರುತ್ತಿದ್ದ. ಅಷ್ಟೇ ಸಾಕಾಯಿತು. ಮರಕ್ಕೆ ಕಟ್ಟಿದರು. ಕೇಬಲ್ಲಿನಿಂದ ಹೊಡೆದರು. ರೇಣುಕಪ್ರಸಾದ, ಅವನ ಮಗ ವಿಶ್ವನಾಥ, ಇನ್ನಿಬ್ಬರು. ಕೈ ಸೋತಾಗ ಕೂತು ಎಳನೀರು ಕುಡಿದರು. ಎದ್ದು ಮತ್ತೆ ಹೊಡೆದರು.

ಸುದ್ದಿ ಸಿಕ್ಕಿ ರೈಲಿ ಓಡಿಬಂದಾಗ ಅವನಿಗಿನ್ನೂ ಉಸಿರಿತ್ತು. ತುಟಿ ಸೀಳಿಹೋಗಿತ್ತು. ನೀರು ಅಂದ. ತೋಟಕ್ಕೆ ನೀರು ಕಟ್ಟುವ ಕೂಲಿಯಾಳು ತೀರ್ಥಪ್ಪ ಅಲ್ಲೇ ನಿಂತಿದ್ದ. ಅವನ ಕೈಯಲ್ಲಿ ತುಂಬಿದ ಕೊಡ ಇತ್ತು.

“ಒಂದ್ ಗುಟುಕು ಹಾಕಣ್ಣಾ,” ಎಂದು ರೈಲಿ ಕೈಮುಗಿದಳು.

ತೀರ್ಥಪ್ಪ ಧಣಿಯ ಮುಖ ನೋಡಿದ.

“ಮೋಟ್ರು ಎಲ್ಲೈತೆ ಅಂತ ಬಾಯ್ಬಿಡ್ಲಿ. ಆಮೇಲೆ ನೀರು,” ಅಂದ ರೇಣುಕಪ್ರಸಾದ.

ತೀರ್ಥಪ್ಪ ಕೊಡ ಕೆಳಗಿಡಲಿಲ್ಲ, ಮುಂದಕ್ಕೆ ಚಾಚಲೂ ಇಲ್ಲ. ರೈಲಿಯ ಎರಡೂ ತೋಳುಗಳನ್ನು ಇಬ್ಬರು ಹಿಂದಕ್ಕೆ ತಿರುಚಿ ಹಿಡಿದಿದ್ದರು. ಅವಳು ನೋಡುತ್ತಿದ್ದ ಹಾಗೇ ಮಗನ ಕತ್ತು ಪಕ್ಕಕ್ಕೆ ಬಿತ್ತು.

ಮೂರನೆಯ ದಿನ ಮೋಟರು ಅಜ್ಜಂಪುರದ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಅದನ್ನು ಅಲ್ಲಿ ಕೊಟ್ಟವನು ವಿಶ್ವನಾಥನೇ. ಕೇಬಲ್ಲು ಬೀಸುವಾಗ ಅವನಿಗೆ ಅದು ನೆನಪಿತ್ತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ಕೇಳಿದ್ದು ರೈಲಿಯನ್ನು. ಎಷ್ಟು ದೂರದಿಂದ ನೋಡಿದೆ? ಎಷ್ಟು ಹೆಜ್ಜೆ? ಯಾರ ಯಾವ ಕೈಯಲ್ಲಿ ಕೇಬಲ್ಲಿತ್ತು? ಕೇಬಲ್ಲಿನ ಬಣ್ಣ ಯಾವುದು? ರೇಣುಕಪ್ರಸಾದನ ವಕೀಲ ಒಂದು ಪ್ರಶ್ನೆಗೆ ಉತ್ತರ ಬರುವ ಮೊದಲೇ ಇನ್ನೊಂದು ಕೇಳುತ್ತಿದ್ದ.

“ಗೊತ್ತಿಲ್ಲ ಸ್ವಾಮಿ. ಓಡ್ತಿದ್ದೆ.”

“ಎರಡು ಕಾಲಲ್ಲಿ ಓಡ್ತಿದ್ಯಾ, ಅದೂ ಗೊತ್ತಿಲ್ವಾ?”

ಆಗಲೂ ನಕ್ಕರು. ತೀರ್ಥಪ್ಪ ಕಟಕಟೆ ಹತ್ತಿ, ಆ ದಿನ ತಾನು ಊರಲ್ಲೇ ಇರಲಿಲ್ಲ, ಕಡೂರಿನ ಸಂತೆಗೆ ಹೋಗಿದ್ದೆ ಎಂದ. ಉಳಿದ ಸಾಕ್ಷಿಗಳಿಗೂ ಆ ದಿನ ಬೇರೆ ಬೇರೆ ಊರಲ್ಲಿ ಕೆಲಸವಿತ್ತು. ನಾಲ್ವರೂ ಬಿಡುಗಡೆಯಾದರು. ಊರಿಗೆ ಬಂದಾಗ ಪಟಾಕಿ ಹೊಡೆದರು. ಕ್ಯಾಂಪಿನ ಮಕ್ಕಳು ಏನು ಹಬ್ಬ ಎಂದು ಕೇಳಿದವು. ಮೇಲಿನ ಕೋರ್ಟಿಗೆ ಹೋಗು ಎಂದು ಯಾರೂ ಅವಳಿಗೆ ಹೇಳಲಿಲ್ಲ. ಹೋಗಬಹುದು ಎಂಬುದು ಅವಳಿಗೆ ತಿಳಿದಾಗ ಹೊತ್ತು ಮೀರಿತ್ತು.

ಆ ವರ್ಷವೇ ರೈಲಿ ಸುಡಾನಿಗೆ ಹೋದಳು. ಕ್ಯಾಂಪಿನವರು ಎಣ್ಣೆ ಮಾರಲು ಆಫ್ರಿಕದ ದೇಶಗಳಿಗೆ ಮೊದಲಿಂದಲೂ ಹೋಗುತ್ತಿದ್ದರು. ರೈಲಿಯ ಜಡೆ ಮೊಣಕಾಲು ಮುಟ್ಟುತ್ತಿತ್ತು. ಸಂತೆಯಲ್ಲಿ ಜಡೆ ಬಿಚ್ಚಿ ನಿಂತರೆ ಜನ ತಾವಾಗಿ ಬರುತ್ತಿದ್ದರು. ಬೆಳಿಗ್ಗೆ ಒರಳಿನಲ್ಲಿ ಬೇರು ಕುಟ್ಟಬೇಕು. ಆಮೇಲೆ ಕೊಪ್ಪರಿಗೆಯ ಮುಂದೆ ನಾಲ್ಕು ಗಂಟೆ ನಿಂತು ಕೈಯಾಡಿಸಬೇಕು. ಅಂಗೈ ಸುಲಿಯುತ್ತಿತ್ತು. ಹೊಗೆಗೆ ಕಣ್ಣು ಊದುತ್ತಿತ್ತು. ರೈಲಿಗೆ ಅದೇ ಬೇಕಾಗಿತ್ತು. ಮೈ ಸೋತರೆ ತೋಟ ಕಣ್ಣಿಗೆ ಬರುತ್ತಿರಲಿಲ್ಲ.

ಅವಳು ಬಾಡಿಗೆಗಿದ್ದ ಮನೆಯ ಒಡತಿ ಹಲೀಮಾ. ಇಬ್ಬರು ಗಂಡುಮಕ್ಕಳ ತಾಯಿ, ವಿಧವೆ. ಇವಳ ಮಾತು ಅವಳಿಗೆ ಬಾರದು, ಅವಳದು ಇವಳಿಗೆ ಬಾರದು. ಆದರೂ ಸಂಜೆ ಇಬ್ಬರೂ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಹಲೀಮಾ ಆಗಾಗ ರೈಲಿಯ ಜಡೆಯನ್ನು ಗೇಣಿನಿಂದ ಅಳೆದು ತಲೆಯಾಡಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಅಲ್ಲಿ ಯುದ್ಧ ಬಂತು. ತಲೆಗೆ ಬಟ್ಟೆ ಸುತ್ತಿಕೊಂಡ ಗಂಡಸರು ಬಂದೂಕು ಹಿಡಿದು ಬೀದಿಗೆ ಇಳಿದರು. ಮನೆ ಮನೆಯಿಂದ ಗಂಡಸರನ್ನು ಎಳೆದು, ನಿಮ್ಮದು ಯಾವ ಕುಲ ಎಂದು ಕೇಳಿದರು. ತಮಗೆ ಬೇಡದ ಕುಲದ ಒಂಬತ್ತು ಜನರನ್ನು ಗೋಡೆಗೆ ನಿಲ್ಲಿಸಿದರು. ಹಲೀಮಾಳ ಇಬ್ಬರೂ ಅದರಲ್ಲಿದ್ದರು. ಒಬ್ಬ ಬಂದೂಕಿನ ತುದಿಯಿಂದ ರೈಲಿಯ ಜಡೆ ಎತ್ತಿ ನೋಡಿ ಏನೋ ಅಂದ. ಉಳಿದವರು ನಕ್ಕರು. ಇಂಡಿಯಾದವಳು ಎಂದು ಪಕ್ಕಕ್ಕೆ ತಳ್ಳಿದರು. ಆಮೇಲೆ ಗೋಡೆಯ ಕಡೆ ತಿರುಗಿ ಗುಂಡು ಹಾರಿಸಿದರು.

ಹೆಣಗಳು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಬಿದ್ದಿದ್ದವು. ಹಲೀಮಾ ಮತ್ತು ರೈಲಿ ಒಂದೊಂದನ್ನೇ ಬಾಗಿಲಿನ ತಗಡಿನ ಮೇಲೆ ಹಾಕಿ ಒಳಗೆ ಎಳೆದರು. ಕುಡಿಯಲು ಇಟ್ಟಿದ್ದ ನೀರಿನಲ್ಲೇ ತೊಳೆದರು. ಚಿಕ್ಕವನ ಬಾಯೊಳಗೆ ಮಣ್ಣು ತುಂಬಿತ್ತು. ರೈಲಿ ಬೆರಳು ಹಾಕಿ ತೆಗೆದಳು. ಅವನ ತುಟಿಗೆ ನೀರು ಬಿಟ್ಟಳು, ಲೋಟ ಬರಿದಾದ ಮೇಲೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಹಲೀಮಾ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

ಅದಾದ ಮೇಲೆ ಬಸ್ಸು, ಹಡಗು, ವಿಮಾನ. ಸರ್ಕಾರ ಕ್ಯಾಂಪಿನವರನ್ನು ವಾಪಸು ಕರೆತಂದಿತು. ಹಲೀಮಾ ಏನಾದಳೋ ತಿಳಿಯಲಿಲ್ಲ.

ಈ ವರ್ಷ ಕ್ಯಾಂಪಿಗೆ ಒಂದು ಬಿಳಿ ಕಾರು ಬಂತು. ಮಾರ್ತಾ ಎಂಬ ವಿದೇಶಿ ಹೆಂಗಸು, ಮಾತು ತಿಳಿಸಲು ಬೆಂಗಳೂರಿನ ಸುಮನಾ. ಸಮುದ್ರದಾಚೆಯ ಒಂದು ದೊಡ್ಡ ಕೋರ್ಟಿನಿಂದ ಬಂದವರು. ಯುದ್ಧದಲ್ಲಿ ಜನರನ್ನು ಗುಂಪುಗುಂಪಾಗಿ ಕೊಂದವರನ್ನು ಹಿಡಿದು ವಿಚಾರಿಸುವ ಕೋರ್ಟು. ಮೊಣಕಾಲಿನವರೆಗೆ ಜಡೆ ಇರುವ, ಎಣ್ಣೆ ಮಾರುವ ಇಂಡಿಯಾದ ಹೆಂಗಸನ್ನು ಅವರು ಆರು ತಿಂಗಳಿಂದ ಹುಡುಕುತ್ತಿದ್ದರು. ಯಾರು ಹೇಳಿದರು ಎಂಬುದನ್ನು ಹೇಳುವಂತಿಲ್ಲ ಎಂದರು. ರೈಲಿಗೆ ತಿಳಿಯಿತು. ಆ ಜಡೆಯನ್ನು ಅಳೆದವಳು ಒಬ್ಬಳೇ. ಅವಳು ಬದುಕಿದ್ದಾಳೆ.

ತರೀಕೆರೆಯಲ್ಲಿ ಬಾಡಿಗೆಗೆ ಹಿಡಿದ ಮನೆಯೊಂದರಲ್ಲಿ ಎರಡು ದಿನ ಅವಳ ಹೇಳಿಕೆ ಬರೆದುಕೊಂಡರು. ಮೊದಲ ದಿನ ರೈಲಿ ನೆಲದ ಮೇಲೆ ಕೂತಳು. ಕುರ್ಚಿಗೆ ಬನ್ನಿ ಎಂದರೂ ಏಳಲಿಲ್ಲ. ಮಾರ್ತಾ ಕಂಪ್ಯೂಟರ್ ಹಿಡಿದುಕೊಂಡು ತಾನೂ ನೆಲಕ್ಕೆ ಇಳಿದಳು. ಅರ್ಧ ಗಂಟೆಯಾದ ಮೇಲೆ ಅವಳಿಗೆ ಕಾಲು ಜೋಮು ಹಿಡಿದದ್ದು ನೋಡಿ ರೈಲಿ ಕುರ್ಚಿ ಹತ್ತಿದಳು.

ಇಲ್ಲೂ ಕೇಳಿದ್ದು ಅವೇ ಪ್ರಶ್ನೆಗಳು. ಎಷ್ಟು ಹೆಜ್ಜೆ? ಯಾವ ಕೈ? ಯಾವ ಬಣ್ಣ?

“ಗೊತ್ತಿಲ್ಲ,” ಅಂದಳು ರೈಲಿ. ನಗುತ್ತಾರೆಂದು ಕಾದಳು.

“ಅವಸರವಿಲ್ಲ ರೈಲಮ್ಮ,” ಅಂದಳು ಸುಮನಾ. “ಕಣ್ಣು ಮುಚ್ಚಿಕೊಳ್ಳಿ. ನೀವು ನಿಂತಿದ್ದ ಜಾಗ ನೋಡಿಕೊಳ್ಳಿ. ಅಲ್ಲಿಂದ ನಡೀರಿ. ಗೊತ್ತಾದದ್ದನ್ನ ಹೇಳಿ, ಗೊತ್ತಾಗದ್ದನ್ನ ಗೊತ್ತಿಲ್ಲ ಅನ್ನಿ.”

ರೈಲಿ ಕಣ್ಣು ಮುಚ್ಚಿದಳು. ನಡೆದಳು. ಎಲ್ಲವೂ ಒಳಗೆ ಇದ್ದ ಜಾಗದಲ್ಲೇ ಇತ್ತು. ಗೋಡೆಯ ಎತ್ತರ, ತಗಡಿನ ಬಾಗಿಲಿನ ನೀಲಿ ಬಣ್ಣ, ಮೊದಲು ಬಿದ್ದವನು, ಕೊನೆಗೆ ಬಿದ್ದವನು. ಅವಳು ಅತ್ತರೆ ಬರವಣಿಗೆ ನಿಲ್ಲಿಸುತ್ತಿದ್ದರು. ಅವಳು ಹೂಂ ಅಂದ ಮೇಲೆ ಮುಂದುವರಿಸುತ್ತಿದ್ದರು. ತನ್ನ ಬಾಯಿಂದ ಬಂದ ಮಾತಿಗೆ ಇಷ್ಟು ಬೆಲೆ ಇದೆಯೆಂದು ಐವತ್ತು ವರ್ಷದಲ್ಲಿ ಅವಳಿಗೆ ಯಾರೂ ತೋರಿಸಿರಲಿಲ್ಲ.

ಎರಡನೆಯ ದಿನ ಸಂಜೆ ಮಾರ್ತಾ ಕಂಪ್ಯೂಟರ್ ಮುಚ್ಚಲು ಹೋದಳು.

“ಮುಚ್ಬ್ಯಾಡ ಅನ್ನಿ,” ಅಂದಳು ರೈಲಿ. “ಹಲೀಮನ ಮಕ್ಕಳದ್ದಾಯ್ತು. ಈಗ ನನ್ ಮಗಂದು ಬರ್ಕಳಿ.”

ಅವಳು ಹೇಳತೊಡಗಿದಳು. ಕಣ್ಣು ಮುಚ್ಚಿದ್ದಳು. ತೋಟದ ಬೇಲಿ ದಾಟಿ ಒಳಗೆ ಹೋಗಿಯೂ ಆಗಿತ್ತು. ಕೀಲಿಮಣೆಯ ಸದ್ದು ಕೇಳದೆ ಕಣ್ಣು ಬಿಟ್ಟಳು. ಮಾರ್ತಾಳ ಕೈ ಮಡಿಲಲ್ಲಿತ್ತು. ಸುಮನಾ ಕಿಟಕಿಯ ಕಡೆ ನೋಡುತ್ತಿದ್ದಳು.

“ಅದು ಈ ಕೋರ್ಟಿನ ವ್ಯಾಪ್ತಿಗೆ ಬರಲ್ಲ ರೈಲಮ್ಮ.”

“ವ್ಯಾಪ್ತಿ ಅಂದ್ರೆ?”

“ಅವರಿಗೆ ಅಧಿಕಾರ ಇರೋ ಜಾಗ. ನಮ್ಮ ದೇಶ ಆ ಕೋರ್ಟಿಗೆ ಸಹಿ ಹಾಕಿಲ್ಲ.”

“ಸುಡಾನಿನೋರು ಹಾಕಿದ್ರಾ?”

ಸುಮನಾ ಮಾರ್ತಾಳನ್ನು ಕೇಳಿ ಬಂದ ಉತ್ತರ ಹೇಳಿದಳು. “ಇಲ್ಲ. ಆದ್ರೆ ದೊಡ್ಡ ದೇಶಗಳೆಲ್ಲ ಸೇರಿ ಆ ಕೇಸನ್ನ ಒಪ್ಪಿಸಿದ್ವು.”

“ನಮ್ದನ್ನ ಯಾರು ಒಪ್ಪಿಸ್ಬೇಕು?”

“ಹಾಗಲ್ಲ. ಒಂದು ಕೊಲೆಗೆ ಆ ಕೋರ್ಟು ಬರಲ್ಲ. ಬಹಳ ಜನರನ್ನ, ಒಂದು ಕುಲ ಅಂತ ಹುಡುಕಿ ಕೊಂದಿರ್ಬೇಕು.”

“ನನ್ ಮಗನ್ನೂ ಕುಲ ನೋಡೇ ಹಿಡಿದಿದ್ದು. ಆ ದಾರೀಲಿ ಅವತ್ತು ಹತ್ ಜನ ಹೋಗಿದ್ರು. ಕಟ್ಟಿದ್ದು ಹಕ್ಕಿಪಿಕ್ಕಿಯೋನ್ನ.” ರೈಲಿ ಮಾರ್ತಾಳ ಕಡೆ ತಿರುಗಿದಳು. “ಎಷ್ಟು ಜನ ಸಾಯ್ಬೇಕು? ಕೇಳಿ ಹೇಳಿ. ನಮ್ ಕ್ಯಾಂಪಲ್ಲಿ ನೂರಾ ನಲವತ್ತು ಜನ ಇದೀವಿ.”

ಸುಮನಾ ಅದನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ಎರಡು ಸಲ ತಡವರಿಸಿದಳು. ಮಾರ್ತಾ ಒಂದೇ ಮಾತು ಹೇಳಿದಳು.

“ಏನಂದ್ರು?”

“ಸಂಖ್ಯೆ ಇಲ್ಲ ಅಂದ್ರು. ಆದ್ರೆ ಒಬ್ಬ ಸಾಲದು ಅಂದ್ರು.”

ಮಾರ್ತಾ ಸುಳ್ಳು ಹೇಳಲಿಲ್ಲ. ಅದೇ ರೈಲಿಗೆ ಹೆಚ್ಚು ಉರಿಯಿತು.

ಹೇಳಿಕೆಯನ್ನು ಅಚ್ಚು ಮಾಡಿಸಿ, ಒಂದು ತಿಂಗಳ ಮೇಲೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತೇವೆ ಎಂದರು. ಅಲ್ಲಿಯವರೆಗೆ ಯಾವ ವಿಷಯಕ್ಕೆ ಬಂದಿದ್ದೆವೆಂದು ಯಾರಿಗೂ ಹೇಳಬೇಡಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ ಎಂದರು.

ಆದರೆ ಕ್ಯಾಂಪಿನ ಯಜಮಾನನಿಗೆ ಹೇಳದೆ ಇರುವಂತಿರಲಿಲ್ಲ. ಯಜಮಾನನ ಹೆಸರು ಜಪಾನ್. ವಯಸ್ಸಾದವನು.

“ಅದು ಯಾರ್ ಕೋರ್ಟು? ಯಾರು ಕಟ್ಟಿದ್ದು?” ಎಂದು ಕೇಳಿದ. “ನಮ್ ಕೋರ್ಟಿನ ಹೆಸರನ್ನ ಮಗೂಗಿಟ್ವಿ. ಆ ಮಗೂನೇ ಹೊಡ್ದಾಕಿದ್ರು. ಇನ್ನು ಕಡಲಾಚೆ ಕೋರ್ಟು ಕಟ್ಕೊಂಡು ಏನ್ ಮಾಡ್ತೀಯ? ಬಡವ್ರ ದೇಶದೋರನ್ನ ಹಿಡ್ಯಕ್ಕೆ ದೊಡ್ಡೋರು ಕಟ್ಟಿರೋ ಬೋನು ಅದು.”

ಪಕ್ಕದ ಗುಡಿಸಲಿನ ಕೆಂಚಮ್ಮ ಒಪ್ಪಲಿಲ್ಲ. ಅವಳೂ ಸುಡಾನ್ ನೋಡಿ ಬಂದವಳು. “ಬೋನಾದ್ರೂ ಆಗ್ಲಿ ಕಣ್ ಮಾವ. ಆ ಒಂಬತ್ತು ಜನಕ್ಕೆ ಬೇರೆ ಏನೈತೆ? ಇವ್ಳು ಬಾಯಿ ಮುಚ್ಕೊಂಡ್ರೆ ತೀರ್ಥಪ್ಪಂಗೂ ಇವ್ಳಿಗೂ ಏನ್ ವ್ಯತ್ಯಾಸ?”

ಆ ಮಾತು ರೈಲಿಗೆ ನಾಟಿತು.

ಊರಿಗೆ ಗೊತ್ತಿದ್ದದ್ದು ಇಷ್ಟೇ. ಬಿಳಿ ಕಾರು ಬಂತು. ವಿದೇಶದ ದೊಡ್ಡ ಕೋರ್ಟಿನವರು ರೈಲಿಯನ್ನು ಎರಡು ದಿನ ಕರೆದುಕೊಂಡು ಹೋಗಿ ಕೊಲೆ ಕೇಸು ಬರೆದುಕೊಂಡರು. ಯಾವ ಕೊಲೆ ಎಂದು ಊರು ಕೇಳಲಿಲ್ಲ. ಊರಿಗೆ ಗೊತ್ತಿದ್ದ ಕೊಲೆ ಒಂದೇ.

ನಾಲ್ಕನೆಯ ದಿನ ರೇಣುಕಪ್ರಸಾದ ಕ್ಯಾಂಪಿಗೆ ಬಂದ. ಅವನು ಆ ಗೋಮಾಳದಲ್ಲಿ ಕಾಲಿಟ್ಟದ್ದು ಅದೇ ಮೊದಲು. ಚಪ್ಪಲಿಯನ್ನು ಗುಡಿಸಲಿನ ಹೊರಗೆ ಬಿಟ್ಟ.

“ರೈಲಮ್ಮ,” ಅಂದ. ಅವನ ಬಾಯಲ್ಲಿ ಆ ಅಮ್ಮ ಎಂಬ ಶಬ್ದ ಹೊಸದಾಗಿತ್ತು. “ನನ್ ಹೆಸ್ರು ಬರ್ಸಿದೀಯಾ?”

ಅವನ ಕೆಳತುಟಿ ಅದುರುತ್ತಿತ್ತು. ಬೆವರು ಕಿವಿಯ ಹಿಂದಿನಿಂದ ಅಂಗಿಯ ಕಾಲರಿಗೆ ಇಳಿಯುತ್ತಿತ್ತು. ರೈಲಿ ಅದನ್ನೇ ನೋಡಿದಳು. ಏಳು ವರ್ಷದಲ್ಲಿ ಯಾವ ಕೋರ್ಟೂ ಅವನ ಮೈಯಿಂದ ಒಂದು ಹನಿ ಬೆವರು ತೆಗೆದಿರಲಿಲ್ಲ. ಈ ಕೋರ್ಟಿಗೆ ಅವನ ಹೆಸರೇ ಗೊತ್ತಿಲ್ಲ.

“ಹೇಳ್ಬಾರ್ದು ಅಂದವ್ರೆ,” ಅಂದಳು. ಅದು ನಿಜವೇ ಆಗಿತ್ತು.

ಅಲ್ಲಿಂದ ಇಪ್ಪತ್ತೆರಡು ದಿನ ಊರು ಬೇರೆಯಾಯಿತು. ಕ್ಯಾಂಪಿಗೆ ನೀರು ಬಿಡದೆ ಒಂದು ವರ್ಷವಾಗಿದ್ದ ನಲ್ಲಿಯಲ್ಲಿ ನೀರು ಬಂತು. ಹೋಟೆಲಿನವನು ಎಲ್ಲರ ಹಾಗೆ ಗಾಜಿನ ಲೋಟದಲ್ಲಿ ಟೀ ಕೊಟ್ಟ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಸೆರಗು ಎಳೆದುಕೊಳ್ಳಲಿಲ್ಲ. ತೀರ್ಥಪ್ಪ ಮಾತ್ರ ಎದುರಿಗೆ ಬಂದರೆ ದಾರಿ ಬಿಟ್ಟು ಹೊಲಕ್ಕೆ ಇಳಿದುಬಿಡುತ್ತಿದ್ದ. ರೈಲಿಗೆ ಖುಷಿಯಾಗಲಿಲ್ಲ. ಇಷ್ಟೇ ಸಾಕಾಗಿತ್ತೇ, ಇವರಿಗೆ ಒಂದು ಹೆದರಿಕೆ ಇದ್ದಿದ್ದರೆ ಮಗ ಬದುಕಿರುತ್ತಿದ್ದನೇ ಎಂದುಕೊಂಡಳು.

ಇಪ್ಪತ್ತಮೂರನೆಯ ದಿನ ವಿಶ್ವನಾಥ ಮತ್ತು ಅವನ ಸ್ನೇಹಿತರು ಜಪಾನನನ್ನು ದಾರಿಯಲ್ಲಿ ತಡೆದರು. ಹೊಡೆಯಲಿಲ್ಲ. ಕ್ಯಾಂಪಿಗೆ ಬೆಂಕಿ ಬಿದ್ದರೆ ನಮ್ಮನ್ನು ಕೇಳಬೇಡ ಎಂದರು, ಅಷ್ಟೇ. ಮುದುಕ ಕೈಮುಗಿದ.

“ಅದು ಸುಡಾನಿನ ಕೇಸು ಸ್ವಾಮಿ. ನಿಮ್ದಲ್ಲ. ನಿಮ್ದು ಅವ್ರು ಬರ್ಕೊಳ್ಳೇ ಇಲ್ವಂತೆ. ನಮ್ ದೇಶ ಸಹಿ ಹಾಕಿಲ್ವಂತೆ.”

ಅವನು ಕ್ಯಾಂಪು ಉಳಿಸಲು ಹೇಳಿದ. ಉಳಿಯಿತು.

ಮರುದಿನ ಬೆಳಿಗ್ಗೆ ರೈಲಿ ಎಣ್ಣೆಯ ಚೀಲ ಹೊತ್ತು ಬಸ್ಸಿಗೆ ಹೊರಟಿದ್ದಳು. ಹಾಲಿನ ಡೇರಿಯ ಮುಂದೆ ಅವಳನ್ನು ಹಿಡಿದರು. ಹಾಲು ಹಾಕುವ ಹೊತ್ತು. ಐವತ್ತು ಜನ ಕ್ಯಾನು ಹಿಡಿದು ಸಾಲಿನಲ್ಲಿದ್ದರು. ವಿಶ್ವನಾಥ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ತಂದಿದ್ದ. ರೇಣುಕಪ್ರಸಾದ ಡೇರಿಯ ಕಟ್ಟೆಯ ಮೇಲೆ ಕೂತಿದ್ದ.

“ನನ್ನ ಇಪ್ಪತ್ತೆರಡ್ ದಿನ ಹೆದರ್ಸಿದ್ಯಲ್ಲೇ,” ಅಂದ. “ನಿನ್ ಗುಡಿಸ್ಲಿಗೆ ಚಪ್ಲಿ ಬಿಟ್ಟು ಬಂದೆ ನಾನು.” ಆಮೇಲೆ ಸಾಲಿನ ಕಡೆ ನೋಡಿದ. “ಲೇ ತೀರ್ಥ. ಬಾ ಇಲ್ಲಿ. ಇವ್ಳ ತಲೆ ಹಿಡ್ಕೊ.”

ತೀರ್ಥಪ್ಪ ಬಂದ. ಅವಳ ತಲೆಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದ. ರೈಲಿ ಒದ್ದಳು, ಕಚ್ಚಿದಳು. ಮಂಡಿಯಿಂದ ಅವಳ ಬೆನ್ನು ಒತ್ತಿ ನೆಲಕ್ಕೆ ಕೆಡವಿದರು. ಕತ್ತರಿ ಮೊಂಡಾಗಿತ್ತು. ಕೂದಲು ಅರ್ಧ ಕತ್ತರಿಸಿತು, ಅರ್ಧ ಕಿತ್ತು ಬಂತು. ಜಡೆ ಮಣ್ಣಿಗೆ ಬಿದ್ದಾಗ ವಿಶ್ವನಾಥ ಅದನ್ನು ಎತ್ತಿ ನಾಯಿಯ ಕೊರಳಿಗೆ ಸುತ್ತಿದ. ಎಣ್ಣೆಯ ಬಾಟಲಿಗಳನ್ನು ಒಂದೊಂದಾಗಿ ಕಲ್ಲಿಗೆ ಹೊಡೆದರು. ಸಾಲಿನಲ್ಲಿದ್ದವರು ಎಣ್ಣೆ ಕಾಲಿಗೆ ತಾಗದಂತೆ ಹಿಂದೆ ಸರಿದರು. ಸಾಲು ಕೆಡಲಿಲ್ಲ.

“ಇನ್ನೊಂದ್ ಸಲ ಆ ಸತ್ತೋನ ಹೆಸ್ರು ನಿನ್ ಬಾಯಲ್ಲಿ ಬಂದ್ರೆ ನಾಲ್ಗೆ ಕೀಳ್ತೀನಿ,” ಅಂದ ರೇಣುಕಪ್ರಸಾದ. ಎದ್ದು ಪಂಚೆ ಕೊಡವಿಕೊಂಡು ಹೋದ.

ರೈಲಿ ಠಾಣೆಗೆ ಹೋದಳು. ತಲೆಯಿಂದ ಇಳಿದ ರಕ್ತ ಹುಬ್ಬಿನ ಮೇಲೆ ಒಣಗಿತ್ತು. ಮಧ್ಯಾಹ್ನದವರೆಗೆ ಹೊರಗೆ ಕೂರಿಸಿದರು.

“ಕೂದ್ಲು ತಾನೇ. ಬೆಳೀತದೆ ಹೋಗು,” ಅಂದ ಅಲ್ಲಿದ್ದವನು.

ತಿಂಗಳು ತುಂಬಿದ ದಿನ ಅವಳು ತರೀಕೆರೆಯ ಆ ಮನೆಗೆ ಸೆರಗು ಹೊದೆಯದೆ ಹೋದಳು. ಬಾಗಿಲು ತೆಗೆದ ಸುಮನಾ ಬಾಯಿ ಮುಚ್ಚಿಕೊಂಡಳು. ಮಾರ್ತಾಳ ಮುಖ ಬಿಳಿಚಿಕೊಂಡಿತು. ರೈಲಿ ನಡೆದದ್ದನ್ನು ಹೇಳಿದಳು. ಇಬ್ಬರೂ ತಮ್ಮಲ್ಲೇ ಬಹಳ ಹೊತ್ತು ಮಾತಾಡಿದರು. ಮಾರ್ತಾ ಎಲ್ಲಿಗೋ ಫೋನು ಮಾಡಿದಳು. ಆಮೇಲೆ ಸುಮನಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಸರಿಯಾಗಿ ಕೇಳಿಸ್ಕೊಳ್ಳಿ ರೈಲಮ್ಮ. ಈ ಕೋರ್ಟಿನ ಸಾಕ್ಷಿಗೆ, ಸಾಕ್ಷಿ ಹೇಳಿದ್ದಕ್ಕಾಗಿ ಯಾರಾದ್ರೂ ತೊಂದ್ರೆ ಕೊಟ್ರೆ, ಅದು ಇವರ ಕೋರ್ಟಿಗೇ ಮಾಡಿದ ಅಪರಾಧ. ಅದನ್ನ ಇವರು ಬರ್ಕೋಬಹುದು. ಮೇಲಕ್ಕೆ ಕಳಿಸ್ತಾರೆ. ಸರ್ಕಾರಕ್ಕೆ ಕಾಗದ ಬರುತ್ತೆ.”

“ರೇಣುಕಪ್ರಸಾದನ ಮ್ಯಾಲಾ?”

“ಅವನ ಮೇಲೇ. ಆದ್ರೆ ಒಂದು ಮಾತು ನೀವು ಹೇಳ್ಬೇಕು. ಸುಡಾನಿನ ವಿಷಯ ಹೇಳಿದ್ದಕ್ಕೇ ಅವರು ಹೀಗೆ ಮಾಡಿದ್ರು ಅಂತ. ನಿಮಗೆ ಹಾಗೆ ಅನ್ನಿಸಿದ್ರೆ ಮಾತ್ರ.”

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ರೈಲಿಯ ಕಣ್ಣ ಮುಂದೆ ಆ ಬೆವರು ಬಂತು. ಒಂದು ಹೂಂ ಅಂದರೆ ಸಾಕು. ಅದು ಮತ್ತೆ ಇಳಿಯುತ್ತದೆ.

“ಅದ್ರಲ್ಲಿ ನನ್ ಮಗನ ಹೆಸ್ರು ಬರ್ತದಾ?”

“ಇಲ್ಲ.”

“ಅವನ್ನ ಕೊಂದಿದ್ದು?”

“ಅದೂ ಬರಲ್ಲ. ನಿಮ್ಮ ಕೂದಲು ಕತ್ತರಿಸಿದ್ದು ಮಾತ್ರ.”

ರೈಲಿ ತನ್ನ ತಲೆ ಮುಟ್ಟಿಕೊಂಡಳು. ಗಾಯದ ಹಕ್ಕಳೆ ಬೆರಳಿಗೆ ತಾಗಿತು.

“ಕೂದ್ಲಿಗೆ ಕಡಲಾಚೆಯಿಂದ ನ್ಯಾಯ ಬರ್ತದೆ. ಮಗನಿಗೆ ಬರಲ್ಲ. ಹಂಗೇ ತಾನೇ?”

“ಹೌದು,” ಅಂದಳು ಸುಮನಾ.

“ಬ್ಯಾಡ,” ಅಂದಳು ರೈಲಿ. “ಅವ್ರಿಗೆ ಸುಡಾನ್ ಯಾವ ದಿಕ್ಕಿಗೈತೆ ಅಂತ ಗೊತ್ತಿಲ್ಲ. ಅವ್ರು ನನ್ ತಲೆಗೆ ಕತ್ತರಿ ಹಾಕಿದ್ದು ಹೈಕೋರ್ಟಿಗಾಗಿ. ಬ್ಯಾರೆ ಯಾವ್ದಕ್ಕೋ ಅಂದ್ರೆ ಅವನು ಇನ್ನೊಂದ್ ಸಲ ಸಾಯ್ತಾನೆ. ಇದ್ರಲ್ಲೊಂದು ಸುಳ್ಳು ಸೇರ್ಸಿದ್ರೆ ಹಲೀಮನ ಮಕ್ಕಳ ಕಾಗ್ದಾನೂ ಸುಳ್ಳಾಗ್ತದೆ. ಕೋರ್ಟಲ್ಲಿ ಸುಳ್ಳು ಹೇಳೋರ್ನ ನಾನು ನೋಡಿದೀನಿ. ನಾನು ಅದಾಗಲ್ಲ. ಓದಿ ನೀವು, ಆ ಒಂಬತ್ತು ಜನದ್ದು.”

ಸುಮನಾ ಓದಿದಳು. ಎರಡು ಗಂಟೆ ಹಿಡಿಯಿತು. ರೈಲಿ ಎರಡು ಕಡೆ ತಿದ್ದಿಸಿದಳು. ಕೊನೆಯಲ್ಲಿ ಒಂದು ಸಾಲಿತ್ತು. ನ್ಯಾಯ ದೊರಕಲಿ ಎಂಬ ನಂಬಿಕೆಯಿಂದ ಈ ಹೇಳಿಕೆ ಕೊಟ್ಟಿದ್ದೇನೆ.

“ಅದನ್ನ ಹೊಡ್ದಾಕಿ,” ಅಂದಳು. “ಹಲೀಮನಿಗೋಸ್ಕರ ಕೊಟ್ಟಿದೀನಿ ಅಂತ ಬರೀರಿ. ನಂಬಿಕೆ ಅಂತ ಬರೀಬ್ಯಾಡಿ.”

ಆ ಸಾಲನ್ನು ಹೊಡೆದುಹಾಕಿದರು. ಅವಳು ಪ್ರತಿ ಹಾಳೆಗೂ ಹೆಬ್ಬೆಟ್ಟು ಒತ್ತಿದಳು. ಕಾರಿನಲ್ಲಿ ಬಿಡುತ್ತೇವೆ ಎಂದರೆ ಬೇಡವೆಂದಳು.

ಮರುದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ರೈಲಿ ಡೇರಿಯ ಮುಂದೆ ಹೋಗಿ ನಿಂತಳು. ಬೋಳು ತಲೆ ಬಿಸಿಲಿಗೆ ತೆರೆದಿತ್ತು. ಸಾಲಿಗೆ ಮುಖಮಾಡಿ ಕಣ್ಣು ಮುಚ್ಚಿದಳು. ಹೇಳತೊಡಗಿದಳು.

“ಸತ್ತೋನು ನನ್ ಮಗ. ಕಟ್ಟಿದ್ದು ಬೇಲಿ ಕಡೆಯಿಂದ ಮೂರ್ನೇ ತೆಂಗಿನ ಮರಕ್ಕೆ. ಕೇಬಲ್ಲು ಕಪ್ಪು ಬಣ್ಣದ್ದು, ತುದೀಲಿ ತಾಮ್ರ ಹೊರಗೆ ಬಂದಿತ್ತು. ರೇಣುಕಪ್ರಸಾದ ಬಲಗೈಲಿ ಹಿಡ್ದಿದ್ದ. ವಿಶ್ವನಾಥಂದು ಎಡಗೈ.”

ಯಾರೋ ಥೂ ಎಂದು ಉಗಿದರು. ವಿಶ್ವನಾಥ ಬಂದು ಕಪಾಳಕ್ಕೆ ಹೊಡೆದ. ಅವಳು ಬಿದ್ದಳು. ಎದ್ದು ಬಿಟ್ಟ ಜಾಗದಿಂದಲೇ ಮುಂದುವರಿಸಿದಳು. ಅವಳನ್ನು ಎಳೆದುಕೊಂಡು ಹೋಗಿ ರಸ್ತೆಗೆ ಹಾಕಿದರು. ಎರಡನೆಯ ದಿನ ಬಂದಳು. ಮೂರನೆಯ ದಿನ ಪೊಲೀಸರು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಸಂಜೆ ಬಿಟ್ಟರು. ನಾಲ್ಕನೆಯ ದಿನ ಬಂದಳು. ಒಂದು ಹಲ್ಲು ಹೋಗಿತ್ತು. ಮಾತು ಸ್ವಲ್ಪ ತೊದಲುತ್ತಿತ್ತು. ಐದನೆಯ ದಿನ ಹೆಂಗಸರು ಕೆಲವರು ಕ್ಯಾನು ಕೆಳಗಿಟ್ಟು ಕೇಳಿಸಿಕೊಂಡರು. ಆರನೆಯ ದಿನವೂ ಬಂದಳು.

“ನಾನು ನಿಂತಿದ್ ಜಾಗದಿಂದ ಮರಕ್ಕೆ ಹನ್ನೊಂದು ಹೆಜ್ಜೆ,” ಅಂದಳು.

“ಹನ್ನೊಂದಲ್ಲ.”

ಸಾಲಿನ ಮಧ್ಯದಿಂದ ಬಂದ ದನಿ. ರೈಲಿ ಕಣ್ಣು ಬಿಟ್ಟಳು. ತೀರ್ಥಪ್ಪ ನೆಲ ನೋಡುತ್ತಿದ್ದ.

“ಹದ್ನಾಲ್ಕು,” ಅಂದ. “ನಾನ್ ದಿನಾ ನೀರು ಕಟ್ಟಕ್ಕೆ ಅಲ್ಲಿಗೇ ಹೋಗೋದು. ಎಣಿಸಿದೀನಿ. ನಿಂದು ಹದ್ನಾಲ್ಕು. ನಾನ್ ನಿಂತಿದ್ ಕಡೆಯಿಂದ ನಾಲ್ಕೇ ಕಣಮ್ಮ.”

ಡೇರಿಯವನ ಕೈಯಲ್ಲಿದ್ದ ಅಳತೆಯ ಪಾತ್ರೆ ಅಲ್ಲೇ ನಿಂತಿತು. ಕಟ್ಟೆಯ ಮೇಲಿದ್ದ ರೇಣುಕಪ್ರಸಾದ ಎದ್ದು ನಿಂತ. ಬೈಗುಳ ಬಾಯಿಗೆ ಬಂದ ಹಾಗಿತ್ತು, ಹೊರಗೆ ಬರಲಿಲ್ಲ. ಐವತ್ತು ಜನ ಕೇಳಿಸಿಕೊಂಡಿದ್ದರು. ಕಡೂರಿನ ಸಂತೆಗೆ ಹೋದವನು ತೋಟದಲ್ಲಿ ಹೆಜ್ಜೆ ಎಣಿಸಿದ್ದ.

ಮರುದಿನದಿಂದ ತೀರ್ಥಪ್ಪನ ಹಾಲನ್ನು ಡೇರಿ ತೆಗೆದುಕೊಳ್ಳಲಿಲ್ಲ. ತೋಟದ ಕೂಲಿ ಹೋಯಿತು. ಮನೆಯ ಕರೆಂಟಿನ ವೈರು ಕಿತ್ತರು. ಅವನ ಮೂಗಿನ ಮೂಳೆ ಮುರಿಯಿತು. ಮುಗಿದ ಕೇಸು ಮುಗಿದಂತೆಯೇ ಎಂದು ಕೆಂಚಮ್ಮ ವಿಚಾರಿಸಿದ ಕಡೂರಿನ ವಕೀಲರು ಹೇಳಿ ಕಳಿಸಿದರು. ಬಿಡುಗಡೆಯಾದವನನ್ನು ಅದೇ ಕೊಲೆಗೆ ಮತ್ತೆ ವಿಚಾರಿಸಲು ಬರುವುದಿಲ್ಲ.

ಎಂಟನೆಯ ದಿನ ಬೆಳಿಗ್ಗೆ ತೀರ್ಥಪ್ಪ ಬರಿಗೈಯಲ್ಲಿ ಬಂದ. ಮುಖ ಊದಿತ್ತು. ಅವನು ಸಾಲಿಗೆ ಹೋಗಲಿಲ್ಲ. ರೈಲಿಯ ಪಕ್ಕಕ್ಕೆ ಬಂದು ನಿಂತು ಕೈಮುಗಿಯಲು ಹೋದ.

“ಕೈ ಇಳ್ಸು,” ಅಂದಳು ರೈಲಿ. “ನನ್ ಹತ್ರ ನಿಲ್ಬ್ಯಾಡ. ಆ ಕಡೆ ನಿಂತ್ಕೊ. ಜೋರಾಗ್ ಹೇಳು.”